ಮುಕ್ತಿನಾಥದಲ್ಲಿ ತೆಗೆದ ಫೋಟೋ

ಶಹಾಬಾದ

ಮುಕ್ತಿನಾಥಕ್ಕೆ ಹೋಗಬೇಕಾಗಿದ್ದವಳು ನಾನಲ್ಲ, ಪದ್ಮಾ ಅತ್ಯಾ.

ನಮ್ಮ ಕಡೆ ತಂದೆಯ ಅಕ್ಕತಂಗಿಯರನ್ನು ಅತ್ಯಾ ಎನ್ನುತ್ತೇವೆ. ನನಗೆ ಇಬ್ಬರು. ಹಿರಿಯಳು ಪದ್ಮಾ, ಚಿಂಚೋಳಿಯಲ್ಲಿರುತ್ತಾಳೆ. ಅವಳಿಗಿಂತ ಎರಡು ವರ್ಷಕ್ಕೆ ಚಿಕ್ಕವಳು ರುಕ್ಮಾ, ಸೇಡಂನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ನೇಪಾಳದ ಮುಕ್ತಿನಾಥಕ್ಕೆ ಜೊತೆಯಾಗಿ ಹೋಗಬೇಕೆಂದು ಇಬ್ಬರೂ ನಾನು ಹುಟ್ಟುವ ಮೊದಲಿನಿಂದ ಮಾತಾಡಿಕೊಳ್ಳುತ್ತಿದ್ದರಂತೆ. ಕೊನೆಗೆ ಹೊರಡುವ ಹೊತ್ತಿಗೆ ಡಾಕ್ಟರು ಪದ್ಮಾ ಅತ್ಯಾಳ ಎದೆಯ ಮೇಲೆ ಕೊಳವೆ ಇಟ್ಟು ಕೇಳಿ, ಅಷ್ಟು ಎತ್ತರದ ಜಾಗ ಬೇಡವೆಂದರು. ಅವಳ ಜಾಗ ನನಗೆ ಬಂತು. ನಾನು ಚಿತ್ತಾಪುರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ; ಪರೀಕ್ಷೆಗಳು ಮುಗಿದು ಬೇಸಗೆ ರಜೆ ಶುರುವಾಗಿತ್ತು.

ಮುಕ್ತಿನಾಥದ ಗುಡಿಯ ಹಿಂದೆ ನೂರೆಂಟು ಹಿತ್ತಾಳೆ ಬಾಯಿಗಳಿಂದ ಹಿಮದ ನೀರು ಬೀಳುತ್ತದೆ. ಒಂದೊಂದರ ಕೆಳಗೂ ತಲೆಯೊಡ್ಡಿ ಸಾಗಬೇಕು. ಇತ್ತ ರುಕ್ಮಾ ಅತ್ಯಾ ಸೇಡಂನ ಮೇ ತಿಂಗಳಲ್ಲೂ ಬಿಸಿನೀರಿಲ್ಲದೆ ಸ್ನಾನ ಮಾಡುವವಳಲ್ಲ.

"ನಂಗ ಪ್ರಸಾದ ಬ್ಯಾಡ, ಗಂಡಕಿ ಹೊಳಿ ನೀರೂ ಬ್ಯಾಡ," ಎಂದಳು ಪದ್ಮಾ ಅತ್ಯಾ, ನಾವಿಬ್ಬರೂ ಚಿಂಚೋಳಿಗೆ ಅವಳನ್ನು ಕಾಣಲು ಹೋದಾಗ. "ಈ ರುಕ್ಕಿ ನೂರಾಎಂಟೂ ಧಾರಿ ಕೆಳಗ ತಲಿ ಒಡ್ಡಿದ್ದು ನಾ ಕಣ್ಣಿಲೆ ನೋಡಬೇಕು. ಬಾಯಿಲೆ ಹೇಳಿದ್ರ ನಂಬಂಗಿಲ್ಲ."

"ಫೋಟೋ ತೋರಸ್ತೀನಿ ತಗೋ ಪದ್ದಕ್ಕ."

"ತೋರಸದಿದ್ರ?"

"ತೋರಸದಿದ್ರ ನಿಮ್ಮ ಚಂದ್ರಂಪಳ್ಳಿ ಡ್ಯಾಮಿನ ನೀರಾಗ ನಿನ್ನ ಎದುರಿಗೇ ನೂರಾಎಂಟ ಮುಳುಗು ಹಾಕ್ತೀನಿ. ಆತಿಲ್ಲ?"

ಇಬ್ಬರೂ ನಕ್ಕರು. ನಂತರ ನಾನು ಹೊರಡುವಾಗ ಪದ್ಮಾ ಅತ್ಯಾ ಬಾಗಿಲವರೆಗೆ ಬಂದು, ತಂಗಿಗೆ ಕೇಳದ ಹಾಗೆ, "ನೆಪ್ಪಿಲೆ ತೆಗೀವಾ ಫೋಟೋ. ನಂದಂತೂ ಇನ್ನ ಅಷ್ಟಽ ದರ್ಶನ," ಎಂದಳು. ಆಗಲೆಂದು ತಲೆಯಾಡಿಸಿದೆ.

ಒಪ್ಪಿಕೊಂಡದ್ದೇನೋ ಆಯಿತು. ಕ್ಯಾಮೆರಾ ಹೊಸದು, ನನಗೆ ಅದರ ಗಂಧವೂ ಇರಲಿಲ್ಲ. ನಮ್ಮ ಊರುಗಳಲ್ಲಿ ಆಗಿನ್ನೂ ಡಿಜಿಟಲ್ ಕ್ಯಾಮೆರಾ ಎಂದರೆ ಮದುವೆ ಮನೆಯಲ್ಲಿ ಹತ್ತು ಕೈ ದಾಟುವ ವಸ್ತು. ಹೈದರಾಬಾದಿನಿಂದ ತಂದು, ಜೊತೆಗಿದ್ದ ಪುಸ್ತಕವನ್ನು ಅಡಿಗೆರೆ ಎಳೆಯುತ್ತ ಎರಡು ಸಲ ಓದಿ, ಆಮೇಲೂ ಧೈರ್ಯ ಸಾಲದೆ ಶಹಾಬಾದಿಗೆ ಹೋದೆ. ನನ್ನ ಹತ್ತನೆಯ ಇಯತ್ತೆಯ ಹಾಲ್ ಟಿಕೆಟ್ಟಿನ ಫೋಟೋ ತೆಗೆದವರು ಅಲ್ಲಿನ ಮೆಹಬೂಬ ಚಾಚಾ. ಅವರ ಸ್ಟುಡಿಯೋದಲ್ಲಿ ಇನ್ನೂ ರೀಲಿನ ಕ್ಯಾಮೆರಾವೇ ಇತ್ತು. ನನ್ನದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು.

"ಇದು ಸಾಬೂನಿನ ಡಬ್ಬಿ ಇದ್ದಂಗ ಅದಲ ಬೇಟಿ. ಆಗ್ಲಿ. ಕ್ಯಾಮೆರಾ ಯಾವ್ದಿದ್ರೇನು, ಗುಂಡಿ ಒತ್ತೋ ಮುಂದ ಉಸಿರು ಹಿಡಿ. ಉಸಿರು ಅಲುಗಿದ್ರ ಫೋಟೋ ಅಲುಗ್ತದ."

ಅರ್ಧ ದಿನ ಅವರ ಅಂಗಡಿಯ ಮುಂದೆ ಪೇರಿಸಿದ ಹಾಸುಗಲ್ಲುಗಳನ್ನು, ಎದುರಿನ ಬೇವಿನ ಮರವನ್ನು, ಅವರ ಗಡ್ಡವನ್ನು ಉಸಿರು ಹಿಡಿದು ತೆಗೆದೆ. ಹೊರಡುವಾಗ ಚಾಚಾ, ಕಸದ ಡಬ್ಬಿಯ ಚಿತ್ರವಿದ್ದ ಗುಂಡಿಯನ್ನು ಉಗುರಿನಿಂದ ತೋರಿಸಿದರು.

"ಇದಕ್ಕ ಮಾತ್ರ ಹೆದರು. ನಮ್ಮ ರೀಲ್‌ನಾಗ ತಪ್ಪು ಆದ್ರ ತಪ್ಪಾದ್ರೂ ಉಳೀತಿತ್ತು. ಇದರಾಗ ಅದೂ ಉಳಿಯಂಗಿಲ್ಲ."

ವಾಡಿ

ವಾಡಿ ಜಂಕ್ಷನ್ನಿನಲ್ಲಿ ನಮ್ಮ ತಂಡ ಸೇರಿತು. ಕರೆದೊಯ್ಯುವವರು ವಾಡಿಯವರೇ ಆದ ನರಸಿಂಹಾಚಾರ್ಯರು. ಪೂಜೆ, ಅಡಿಗೆ, ಟಿಕೆಟ್ಟು ಮೂರೂ ಅವರದೇ. ಗಾಡಿ ಬರಲು ಹೊತ್ತಿತ್ತು. ರುಕ್ಮಾ ಅತ್ಯಾ ಹೋಲ್ಡಾಲಿನ ಮೇಲೆ ಸೆರಗು ಸರಿಮಾಡಿಕೊಂಡು ಕುಳಿತು, "ತೆಗಿ," ಎಂದಳು. ತೆಗೆದೆ. ಚಿಕ್ಕ ಪರದೆಯಲ್ಲಿ ತೋರಿಸಿದೆ. ಅವಳ ಕಣ್ಣು ಮುಚ್ಚಿತ್ತು.

"ಥೂ, ತೆಗಿ ಅದನ್ನ!"

ಕಸದ ಡಬ್ಬಿ ಒತ್ತಿದೆ. ಚಿತ್ರ ಹೋಯಿತು. ಅತ್ಯಾ ಖಾಲಿ ಪರದೆಯನ್ನು ನೋಡಿ, ನನ್ನನ್ನು ನೋಡಿ, ಮತ್ತೆ ಪರದೆ ನೋಡಿದಳು.

"ಅಯ್ಯ, ಇದು ಪಾಟಿ ಇದ್ದಂಗ ಅದ! ಬರಿ, ಒರಸು, ಬರಿ, ಒರಸು!"

ಮೂವತ್ತು ವರ್ಷ ಮಕ್ಕಳ ಪಾಟಿ ತಿದ್ದಿದವಳು ಅವಳು. ಗೋರಖಪುರ ಮುಟ್ಟುವುದರೊಳಗೆ ತನ್ನ ಹದಿನಾಲ್ಕು ಫೋಟೋಗಳನ್ನು ತಿದ್ದಿಸಿದಳು. ಕೊರಳು ಸುಕ್ಕು ಕಂಡಿತು, ತೆಗಿ. ಹಿಂದೆ ಯಾರೋ ಬೀಡಿ ಸೇದುತ್ತಿದ್ದಾರೆ, ತೆಗಿ. ಆಚಾರ್ಯರ ಹೊಟ್ಟೆ ಬಂದಿದೆ, ತೆಗಿ.

"ನನ್ನ ಹೊಟ್ಟಿ ಏನ್ ಮಾಡೇತ್ರಿ ಟೀಚರ್ರಽ?" ಎಂದರು ಆಚಾರ್ಯರು.

"ಅರ್ಧಾ ಫೋಟೋ ಹಿಡದದ್ರಿ."

ಹೀಗೆ ನಮ್ಮಿಬ್ಬರ ನಡುವೆ ಒಂದು ರೂಢಿ ಬೆಳೆಯಿತು. ಪರದೆ ನೋಡುವ ಮೊದಲು ‘ತೆಗಿ’ ಎಂದರೆ ಗುಂಡಿ ಒತ್ತಬೇಕು. ನೋಡಿದ ಮೇಲೆ ‘ತೆಗಿ’ ಎಂದರೆ ಅಳಿಸಬೇಕು. ಇದನ್ನು ನಾವು ಮಾತಾಡಿ ಗೊತ್ತುಮಾಡಿಕೊಂಡದ್ದಲ್ಲ. ಕೈಗೆ ಅಭ್ಯಾಸವಾಗಿತ್ತು.

ಗಡಿ

ಪರದೇಶಕ್ಕೆ ಹೋಗುವುದು ಇಷ್ಟು ಸುಲಭವೆಂದು ನನಗೆ ಗೊತ್ತಿರಲಿಲ್ಲ. ಸೈಕಲ್ ರಿಕ್ಷಾದಲ್ಲಿ ಕುಳಿತು, ಮತದಾರರ ಗುರುತಿನ ಚೀಟಿ ತೋರಿಸಿ, ಒಂದು ಕಮಾನಿನ ಕೆಳಗೆ ಹಾದೆವು. ಕಮಾನಿನ ಆಚೆಗೂ ಅದೇ ಧೂಳು, ಅದೇ ಬಾಳೆಹಣ್ಣಿನ ಗಾಡಿ. ಬದಲಾದದ್ದು ಗಡಿಯಾರ ಮಾತ್ರ. ನೇಪಾಳದ ಹೊತ್ತು ನಮಗಿಂತ ಹದಿನೈದು ನಿಮಿಷ ಮುಂದೆ.

ರಿಕ್ಷಾ ನಿಲ್ಲಿಸಿ ಕ್ಯಾಮೆರಾದ ಗಡಿಯಾರ ತಿದ್ದಿದೆ.

"ಬರೀ ಹದಿನೈದ ಮಿನೀಟ ಸಲವಾಗಿ ಬ್ಯಾರೆ ದೇಶ ಏನ?" ಎಂದಳು ಅತ್ಯಾ. "ನಮ್ಮ ಸಾಲಿ ಗಡಿಯಾರ ಇಪ್ಪತ್ತ ಮಿನೀಟ ಮುಂದ ಇರ್ತಿತ್ತು. ನಾ ಏನು ದಿನಾ ಫಾರಿನ್‌ಗೆ ಹೋಗಿಬರ್ತಿದ್ದೆನೇನು?"

ಪೋಖರಾ ಮುಟ್ಟುವವರೆಗೆ ನಾನು ತೆಗೆದದ್ದೆಲ್ಲ ಬಾಗಿಲು, ಕಿಟಕಿ, ಛಾವಣಿ. ಗುರುತಿಲ್ಲದವರ ಮುಖಕ್ಕೆ ಕ್ಯಾಮೆರಾ ಹಿಡಿಯಲು ನನ್ನಿಂದ ಆಗುವುದಿಲ್ಲ. ನನ್ನ ಮುಖಕ್ಕೆ ಯಾರಾದರೂ ಹಿಡಿದರೂ ಮುಜುಗರವಾಗುತ್ತದೆ. ಅಲ್ಲಿನ ಛಾವಣಿಗಳಿಗೆ ಹಂಚಿನ ಬದಲು ತೆಳ್ಳನೆಯ ಕಲ್ಲಿನ ಹಾಳೆಗಳನ್ನು ಹೊದಿಸುತ್ತಾರೆ. ಅತ್ಯಾ ಬಸ್ಸಿನಿಂದ ಅದನ್ನು ಕಂಡು ಎದ್ದೇ ನಿಂತಳು. "ಏ, ಶಹಾಬಾದ ಕಲ್ಲು! ನಾವು ಕಾಲಿಗೆ ಹಾಕ್ತೀವಿ, ಇವರು ತಲಿಗೆ ಹಾಕ್ಯಾರ!"

ಜೋಮ್‌ಸೋಮ್

ಪೋಖರಾದಿಂದ ಮುಕ್ತಿನಾಥದ ಬುಡದ ಊರಾದ ಜೋಮ್‌ಸೋಮ್‌ಗೆ ಚಿಕ್ಕ ವಿಮಾನ. ನಮ್ಮ ಚಿತ್ತಾಪುರ–ಸೇಡಂ ಟೆಂಪೋದಲ್ಲಿ ಇದಕ್ಕಿಂತ ಹೆಚ್ಚು ಮಂದಿ ಹಿಡಿಸುತ್ತಾರೆ. ಗಗನಸಖಿ ಒಂದು ತಟ್ಟೆಯಲ್ಲಿ ಪೆಪ್ಪರಮಿಂಟು ಮತ್ತು ಹತ್ತಿಯ ಉಂಡೆ ತಂದಳು. ಪೆಪ್ಪರಮಿಂಟು ಬಾಯಿಗೆ, ಹತ್ತಿ ಕಿವಿಗೆ. ಅತ್ಯಾ ಹತ್ತಿಯನ್ನು ಎಳೆದು ನೋಡಿ, ಸಣ್ಣ ಎಳೆಯದು, ಬತ್ತಿಗೆ ಒಳ್ಳೆಯದಿದೆಯೆಂದು ಚೀಲದಲ್ಲಿಟ್ಟುಕೊಂಡಳು. ಇಳಿದ ಮೇಲೆ ಅರ್ಧ ಗಂಟೆ ಅವಳಿಗೆ ಕಿವಿ ಕೇಳಲಿಲ್ಲ.

ಅಲ್ಲಿ ಮಧ್ಯಾಹ್ನವಾದೊಡನೆ ಗಾಳಿ ಏಳುತ್ತದೆ. ಗಾಳಿಯೆಂದರೆ ಬಾಗಿಲು ಬಡಿಯುವ ಗಾಳಿಯಲ್ಲ, ಮನುಷ್ಯನನ್ನು ಒರಗಿಸಿ ನಿಲ್ಲಿಸುವ ಗಾಳಿ. ನಾವಿಳಿದ ವಸತಿಯ ಯಜಮಾನಿ ಗುಂಡು ಮುಖದ, ಕೆಂಪು ಕೆನ್ನೆಯ ಹೆಂಗಸು. ಅತ್ಯಾಳಿಗೆ ಬರುವ ಹಿಂದಿ ನಮ್ಮ ಸೇಡಂ ಸಂತೆಯ ಹಿಂದಿ. ಯಜಮಾನಿ ಉಪ್ಪು ಬೆಣ್ಣೆ ಹಾಕಿದ ಚಹಾ ತಂದಾಗ ಅತ್ಯಾ ಕೈಯಾಡಿಸಿ, "ನಕ್ಕೋ, ನಕ್ಕೋ," ಎಂದಳು. ಬೇಡವೆನ್ನಲು ನಮ್ಮ ಕಡೆ ಎಲ್ಲರೂ ಹೇಳುವ ಮಾತು ಅದು.

ಯಜಮಾನಿ ಗಾಬರಿಯಾಗಿ ಅತ್ಯಾಳ ಮುಖ ನೋಡಿ ಒಳಗೋಡಿದಳು. ಕುದಿಯುವ ನೀರಿನ ಬೋಗುಣಿ, ದಪ್ಪ ಟವೆಲು, ಒಂದು ಎಣ್ಣೆಯ ಸೀಸೆ ತಂದು, ಅತ್ಯಾಳ ತಲೆಯನ್ನು ಹಿಡಿದು ಬೋಗುಣಿಯ ಮೇಲೆ ಬಗ್ಗಿಸಿ ಟವೆಲು ಹೊದಿಸಿಬಿಟ್ಟಳು. ಒಳಗಿನಿಂದ "ನಕ್ಕೋ!" ಎಂದು ಕೂಗು ಬಂದಷ್ಟೂ ಹೊರಗಿನಿಂದ ಕೈ ಬಿಗಿಯಾಯಿತು. ಅವರ ಮಾತಿನಲ್ಲಿ ನಾಕ್ ಅಂದರೆ ಮೂಗು, ನಾಕ್ಕೋ ಅಂದರೆ ಮೂಗಿನದು. ಇದನ್ನು ಆಚಾರ್ಯರು ವಿಚಾರಿಸಿ ತಿಳಿಸುವ ಹೊತ್ತಿಗೆ ಅತ್ಯಾಳ ಮುಖ ಆ ಯಜಮಾನಿಯ ಕೆನ್ನೆಗಿಂತ ಕೆಂಪಾಗಿತ್ತು.

"ಮೂಗು ಮಾತ್ರ ಭಾಳ ಹಗರ ಆಗ್ಯದ ನೋಡು," ಎಂದಳು ಟವೆಲಿನಿಂದ ಹೊರಬಂದು.

ನಾನು ಬೆಂಚಿನ ಮೇಲೆ ನಗುತ್ತ ಬಿದ್ದಿದ್ದೆ. ಯಜಮಾನಿ ನನ್ನ ಕ್ಯಾಮೆರಾ ತೋರಿಸಿ, ಅತ್ಯಾಳ ಪಕ್ಕ ಕುಳಿತು, ಅವಳ ಹೆಗಲ ಮೇಲೆ ಕೈ ಹಾಕಿದಳು. ಆ ಪ್ರವಾಸದಲ್ಲಿ ನಾನು ತೆಗೆದ ಮೊದಲ ಅಪರಿಚಿತ ಮುಖ ಅದು. ಉಸಿರು ಹಿಡಿಯಲು ನೆನಪಾಗಲಿಲ್ಲ, ಆದರೂ ಚೆನ್ನಾಗಿ ಬಂತು.

ಮುಕ್ತಿನಾಥ

ಜೀಪು ಒಂದೆಡೆ ನಿಂತುಬಿಡುತ್ತದೆ, ಮುಂದೆ ಮೆಟ್ಟಿಲು. ನಾಲ್ಕು ಹೆಜ್ಜೆಗೊಮ್ಮೆ ಉಸಿರು ತುಂಬಿಕೊಳ್ಳಲು ನಿಲ್ಲುತ್ತಿದ್ದೆವು. ಬಯಲಿನವರಾದ ನಮಗೆ ಬೆಟ್ಟವೆಂದರೆ ಚಿಂಚೋಳಿ ಕಡೆಯ ಗುಡ್ಡಗಳೇ. ಇಲ್ಲಿ ಸುತ್ತ ನಿಂತಿರುವುದಕ್ಕೆ ಆ ಹೆಸರು ಸಾಲದೆಂದು ಎಲ್ಲರೂ ಕತ್ತೆತ್ತಿ ನೋಡುತ್ತಿದ್ದರು. ಅತ್ಯಾ ಕೂಡ.

ಗುಡಿಯ ಹಿಂದೆ ಅರ್ಧಚಂದ್ರದಂತೆ ಗೋಡೆ, ಅದರುದ್ದಕ್ಕೂ ಹಿತ್ತಾಳೆಯ ಬಾಯಿಗಳು, ಒಂದೊಂದರಿಂದ ಬೆರಳು ಗಾತ್ರದ ನೀರು. ಅತ್ಯಾ ಕಿರುಬೆರಳು ಚಾಚಿ ಒಂದು ಧಾರೆಯನ್ನು ಮುಟ್ಟಿದಳು. ಮುಟ್ಟಿದ ಬೆರಳನ್ನು ಬಾಯಲ್ಲಿಟ್ಟುಕೊಂಡಳು.

"ಪದ್ದಕ್ಕಗ ಇದನ್ನ ಫೋನಿನಾಗ ಹೇಳಿದ್ರ ಸಾಕಾಗ್ತಿತ್ತೇನೋ," ಎಂದಳು.

"ಫೋಟೋ ಬೇಕಂದಾಳ ಅತ್ಯಾ."

"ಗೊತ್ತದ, ಗೊತ್ತದ. ತೆಗಿ ನೀ." ಸೀರೆ ಬಿಗಿದು, "ನಾರಾಯಣಾ!" ಎಂದು ಮೊದಲ ಧಾರೆಯ ಕೆಳಗೆ ನುಗ್ಗಿದಳು. "ಒಂದು! ಎರಡು! ಅಯ್ಯಯ್ಯಯ್ಯೋ ಮೂರು!"

ಗುಂಡಿ ಒತ್ತಿದೆ. ಎಂದಿನ ಕಟಕ್ ಸದ್ದು ಬರಲಿಲ್ಲ. ಮತ್ತೆ ಒತ್ತಬೇಕೆನ್ನುವಷ್ಟರಲ್ಲಿ, ಕಾರಣ ತಿಳಿಯದೆ ಎರಡನೆಯ ಸಲ ಒತ್ತುವುದು ಸರಿಯಲ್ಲ ಎನಿಸಿತು. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ನಾನೇ ಹಾಗೆ ಹೇಳುವವಳು. ಕ್ಯಾಮೆರಾವನ್ನು ಕೊರಳ ದಾರಕ್ಕೆ ಬಿಟ್ಟು, ಚೀಲದಿಂದ ಪುಸ್ತಕ ತೆಗೆದು, ‘ತೊಂದರೆಗಳು’ ಎಂಬ ಪುಟ ಹುಡುಕುತ್ತ, ಅತ್ಯಾಳ ಕೂಗಿನ ಜೊತೆಜೊತೆಗೆ ಅಂಗಳದಲ್ಲಿ ಹೆಜ್ಜೆ ಹಾಕಿದೆ. ಅಷ್ಟು ದೂರ ಹೋಗಿ, ಜಗತ್ತಿನಲ್ಲಿ ಇನ್ನೆಲ್ಲೂ ಕಾಣದ ಆ ನೋಟದ ಎದುರು, ನಾನು ಪುಸ್ತಕ ಓದುತ್ತಿದ್ದೆ. ಕಾರಣ ಸಿಗುವ ಮೊದಲೇ "ನೂರಾ ಎಂಟು!" ಎಂದು ಕೇಳಿಸಿತು.

ಅತ್ಯಾ ಕೊನೆಯ ಧಾರೆಯ ಪಕ್ಕ ಗಡಗಡ ನಡುಗುತ್ತ, ಎರಡೂ ಕೈ ಮೇಲೆತ್ತಿ ನಿಂತಿದ್ದಳು. ಕ್ಯಾಮೆರಾ ಎತ್ತಿದೆ. ‘ಕಾರ್ಡ್ ತುಂಬಿದೆ’ ಎಂದಿತು. ನನಗೆ ಅರ್ಥವಾಗಲಿಲ್ಲ, ಬೆಳಿಗ್ಗೆ ನೋಡಿದಾಗ ಬೇಕಾದಷ್ಟು ಜಾಗವಿತ್ತು. ಪೋಖರಾದ ಒಂದು ಬಾಗಿಲನ್ನು ಅಳಿಸಿ, ಕ್ಯಾಮೆರಾದ ಮೇಲಿನ ಚಕ್ರ ಯಾವಾಗಲೋ ಜರುಗಿದ್ದು ಕಂಡು ಮೊದಲಿದ್ದಲ್ಲಿಗೆ ತಿರುಗಿಸಿ, ಉಸಿರು ಹಿಡಿದು ಒತ್ತಿದೆ. ಕಟಕ್.

ಚೆನ್ನಾಗಿ ಬಂದಿತ್ತು. ತೊಟ್ಟಿಕ್ಕುವ ತುರುಬು, ಒಂದಕ್ಕೊಂದು ತಾಗದ ಹಲ್ಲು, ಹಿಂದೆ ಧಾರೆಗಳ ಸಾಲು. ಓಡಿಹೋಗಿ ತೋರಿಸಿದೆ. ಅತ್ಯಾ ಕಣ್ಣು ಕಿರಿದು ಮಾಡಿ ನೋಡಿ, "ತೆ-ತೆ-ತೆಗಿ!" ಎಂದಳು.

ನನ್ನ ಬೆರಳು ತಾನಾಗಿಯೇ ಕಸದ ಡಬ್ಬಿಗೆ ಹೋಯಿತು.

ಅತ್ಯಾ ಮತ್ತೆ ಧಾರೆಯ ಪಕ್ಕ ಹೋಗಿ ನಿಂತು ಕೈ ಎತ್ತಿದಳು. "ಹ್ಞಾಂ, ತೆಗಿ!"

"ತೆಗದೆ ಅತ್ಯಾ."

"ಎಲ್ಲಿ ತೆಗದಿ? ನಾ ಈಗ ನಿಂತೀನಿ!"

"ನೀನಽ ಹೇಳಿದೆಲ್ಲ ತೆಗಿ ಅಂತ. ಒರಸಿದೆ."

"ಒರಸು ಅಂದೆನೇನು? ಭಾಳ ಛಲೋ ಬಂದದ, ಇನ್ನೊಂದು ತೆಗಿ ಅಂದೆ!"

ಮತ್ತೆ ಕ್ಯಾಮೆರಾ ಎತ್ತಿದರೆ ಪರದೆ ಕಪ್ಪಾಗಿತ್ತು. ಚಳಿಗೆ ಸೆಲ್ಲುಗಳು ಸತ್ತಿದ್ದವು. ಹೊಸ ಸೆಲ್ಲುಗಳು ಕೆಳಗೆ ಜೀಪಿನಲ್ಲಿದ್ದವು. ಅತ್ಯಾಳನ್ನು ಆ ಒದ್ದೆ ಸೀರೆಯಲ್ಲಿ ಇನ್ನು ನಿಲ್ಲಿಸುವಂತಿರಲಿಲ್ಲ. ಆಚಾರ್ಯರು ಕಂಬಳಿ ಹೊದಿಸಿ ಕರೆದೊಯ್ದರು. ಬಾಗಿಲಲ್ಲಿ ನಿಂತು ನೋಡಿದ ಪದ್ಮಾ ಅತ್ಯಾಳ ಮುಖ ನನ್ನ ಕಣ್ಣ ಮುಂದಿತ್ತು. ಮೆಟ್ಟಿಲಿಳಿಯುವಾಗ ಅರ್ಧ ದಾರಿಯಲ್ಲಿ ರುಕ್ಮಾ ಅತ್ಯಾ ಕಂಬಳಿಯೊಳಗಿಂದ ಕೈ ತೆಗೆದು ನನ್ನ ಕೈ ಹಿಡಿದಳು.

"ಹೋಗ್ಲಿ ಬಿಡು. ಇನ್ನ ಮ್ಯಾಲ ತೆಗಿ ಅಂದ್ರ ಹಿಡಿಯೋದು. ಒರಸು ಅಂದ್ರ ಒರಸೋದು. ಮೊದಲನೇ ದಿನಾನ ಪಾಠ ಮಾಡಬೇಕಿತ್ತು ನಾ."

ಚಿಂಚೋಳಿ

ಪದ್ಮಾ ಅತ್ಯಾ ಹಬ್ಬಕ್ಕಷ್ಟೇ ಉಡುವ ಮೀನಾಕ್ಷಿ ಅಂಚಿನ ಸೀರೆಯುಟ್ಟು, ಚಾಳೀಸು ಒರೆಸಿಕೊಂಡು, ಟೀವಿಯ ಮುಂದೆ ಕುರ್ಚಿ ಎಳೆದುಕೊಂಡು ನನಗೂ ರುಕ್ಮಾ ಅತ್ಯಾಳಿಗೂ ಕಾಯುತ್ತಿದ್ದಳು. ಕ್ಯಾಮೆರಾದ ಹಳದಿ ಪಿನ್ನು, ಬಿಳಿ ಪಿನ್ನು ಟೀವಿಯ ಹಿಂದೆ ಸಿಕ್ಕಿಸಿದೆ. ನಡೆದದ್ದನ್ನು ಮೊದಲೇ ಹೇಳಿಬಿಡಬೇಕೆಂದುಕೊಂಡಿದ್ದೆ. ಅವಳ ಸೀರೆ ನೋಡಿ ಆಗಲಿಲ್ಲ.

ಬಾಗಿಲುಗಳು ಬಂದವು. ಛಾವಣಿಗಳು ಬಂದವು. "ಮಂದಿ ಇಲ್ಲದ ದೇಶ ಏನಽ ಅದು?" ಎಂದಳು. ಮೂಗಿನ ಯಜಮಾನಿ ಬಂದಾಗ ಕಥೆ ಕೇಳಿ ಕಣ್ಣೀರು ಬರುವಂತೆ ನಕ್ಕಳು. ಆಮೇಲೆ ಮುಂದಕ್ಕೆ ಬಾಗಿ ಕುಳಿತಳು. ಗುಡಿಯ ಮೆಟ್ಟಿಲು ಬಂತು, ಗಂಟೆ ಬಂತು.

"ಧಾರಿ ಎಲ್ಲಿ?"

ಹೇಳಿದೆ. ಪೂರ್ತಿ ಹೇಳಿದೆ, ನನ್ನ ತಪ್ಪೆಂದೇ ಹೇಳಿದೆ. ಪದ್ಮಾ ಅತ್ಯಾ ಚಾಳೀಸು ತೆಗೆದು ಮಡಿಲಲ್ಲಿಟ್ಟುಕೊಂಡಳು. "ಇರ್ಲಿ. ನನ್ನ ಯೋಗ ಅಷ್ಟಽ," ಎಂದಳು. ಗದರಿದ್ದರೆ ತಡೆದುಕೊಳ್ಳುತ್ತಿದ್ದೆ.

ಪಿನ್ನು ಕೀಳಲು ಎದ್ದಾಗ ಕೈ ತಾಗಿ ಮುಂದಿನ ಚಿತ್ರ ಬಂತು. ಬೂದು ಕಲ್ಲು, ಓರೆಯಾಗಿ. ಕೆಟ್ಟ ಫೋಟೋ ಎಂದುಕೊಂಡೆ. ಮೂಲೆಯಲ್ಲಿ ಒಂದು ಪುಟ್ಟ ತ್ರಿಕೋನವಿತ್ತು. ಒತ್ತಿದೆ.

ಕಲ್ಲು ಅಲುಗಿತು. ನೀರು ಬೀಳುವ ಸದ್ದು, ಗಂಟೆಯ ಸದ್ದು ಮನೆಯನ್ನೆಲ್ಲ ತುಂಬಿದವು. "ಆರು! ಏಳು! ಅವ್ವಾ, ಎಂಟು!"

ಆ ದಿನ ಕ್ಯಾಮೆರಾ ಕೆಟ್ಟಿರಲಿಲ್ಲ. ಚಕ್ರ ಜರುಗಿ ವಿಡಿಯೋಕ್ಕೆ ಬಂದಿತ್ತು; ಅದು ಶುರುವಾಗುವಷ್ಟರಲ್ಲಿ ನಾನು ಕ್ಯಾಮೆರಾ ಕೆಳಗೆ ಬಿಟ್ಟಿದ್ದೆ. ನನ್ನ ಕೊರಳಲ್ಲಿ ತೂಗುತ್ತಲೇ ಕಾರ್ಡು ತುಂಬುವವರೆಗೆ ಎಲ್ಲವನ್ನೂ ಹಿಡಿದಿತ್ತು. ಎಲ್ಲವನ್ನೂ ಎಂದರೆ, ನೆಲವನ್ನು ಮತ್ತು ಪಾದಗಳನ್ನು.

"ಇದು ನಮ್ಮ ಬಚ್ಚಲ ಕಲ್ಲು," ಎಂದಳು ಪದ್ಮಾ ಅತ್ಯಾ, ಚಾಳೀಸು ಏರಿಸಿಕೊಳ್ಳುತ್ತ.

"ಬಚ್ಚಲದಾಗ ಗುಡಿ ಗಂಟಿ ಬಾರಸ್ತದೇನು ಪದ್ದಕ್ಕ? ನೋಡು, ಆ ಕಾಲು ನೋಡು!"

ಪದ್ಮಾ ಅತ್ಯಾ ಟೀವಿಗೆ ಮುಖ ತಾಗುವಷ್ಟು ಹತ್ತಿರ ಹೋದಳು. ಒದ್ದೆ ಕಲ್ಲಿನ ಮೇಲೆ ಎರಡು ಪಾದಗಳು ಕುಣಿಯುತ್ತ ಸಾಗುತ್ತಿದ್ದವು. ಬಲಗಾಲಿನ ಕಿರುಬೆರಳು ಸೊಟ್ಟ. ಚಿಕ್ಕವಳಿದ್ದಾಗ ಅಂಗಳದ ಹಾಸುಗಲ್ಲು ಬಿದ್ದು ಹಾಗಾದದ್ದು.

"ಹೌದು. ರುಕ್ಕಿ ಬೆರಳಽ ಅದು." ಪರದೆಯ ಮೇಲೆ ಅಂಗೈ ಇಟ್ಟಳು. "ಖರೇನ ನಿಂತಿದ್ದಿ ನೀನು."

"ಮತ್ತ!"

"ನಲವತ್ತಾರು! ನಲವತ್ತೇಳು!" ಎಂದಿತು ಟೀವಿ. ಆಗ ಆ ಪಾದಗಳು ನೀರಿನಿಂದ ಹೊರಗೆ ಬಂದವು. ಒಣ ಕಲ್ಲಿನ ಮೇಲೆ ಬಂದು, ಆರಾಮಾಗಿ, ಧಾರೆಗಳ ಪಕ್ಕಪಕ್ಕಕ್ಕೇ ನಡೆದವು. ದನಿ ಮಾತ್ರ ನಿಲ್ಲಲಿಲ್ಲ. "ನಲವತ್ತೆಂಟು! ಅಯ್ಯೋ ನಲವತ್ತೊಂಬತ್ತು! ಐವತ್ತು!" ಐವತ್ತೆಂಟರವರೆಗೆ ಒಣಗಿಕೊಂಡು ಹೋಗಿ, ಐವತ್ತೊಂಬತ್ತಕ್ಕೆ ಪಾದಗಳು ಮತ್ತೆ ನೀರಿಗಿಳಿದವು. ಅರವತ್ತೆರಡಕ್ಕೆ ಚಿತ್ರ ನಿಂತಿತು.

ಪದ್ಮಾ ಅತ್ಯಾ ನಿಧಾನವಾಗಿ ಹಿಂದೆ ತಿರುಗಿದಳು.

"ಇಷ್ಟ ವರ್ಷ ಹುಡುಗರಿಗೆ ಇದಽ ಲೆಕ್ಕ ಕಲಿಸಿದೇನು ನೀನು?"

"ಒಂದೂ ಅಂಕಿ ಬಿಟ್ಟಿಲ್ಲ ನೋಡು!"

"ಅಂಕಿ ಬಿಟ್ಟಿಲ್ಲ. ನೀರ ಬಿಟ್ಟಿ."

"ತಲಿ ಗಿಮ್ ಅಂತಿತ್ತು ಪದ್ದಕ್ಕ! ಮುಂದಿನವು ಎಲ್ಲಾ ಖರೇ. ಸಾಲಿಗ್ರಾಮದ ಆಣಿ."

ಪದ್ಮಾ ಅತ್ಯಾ ಬೆರಳು ಮಡಚಿ ಎಣಿಸಿದಳು. ಅವಳು ಅಷ್ಟು ಸಂತೋಷವಾಗಿದ್ದುದನ್ನು ನಾನು ಆ ವರ್ಷ ನೋಡಿರಲಿಲ್ಲ.

"ನೂರಾಎಂಟ ಬ್ಯಾಡ. ನೀ ತಪ್ಪಿಸಿದ ಹನ್ನೊಂದು ಸಾಕು. ನಾಳಿ ಮುಂಜಾನೆ."

ಆಮೇಲೆ ನನ್ನ ಕಡೆ ತಿರುಗಿ, "ಇದನ್ನ ಇನ್ನೊಮ್ಮೆ ಹಚ್ಚು," ಎಂದಳು. ಏಳು ಸಲ ಹಚ್ಚಿಸಿದಳು.

ಚಂದ್ರಂಪಳ್ಳಿ

ಮರುದಿನ ಬೆಳಿಗ್ಗೆ ಜೀಪಿನಲ್ಲಿ ಚಂದ್ರಂಪಳ್ಳಿಗೆ ಹೋದೆವು. ಕಾಡಿನ ನಡುವೆ ಜಲಾಶಯ ಅಲುಗದೆ ಮಲಗಿತ್ತು. ಸಾಲಿಗ್ರಾಮದ ಮೇಲೆ ಹಾಕಿದ ಗಂಡಕಿಯ ನೀರನ್ನು ರುಕ್ಮಾ ಅತ್ಯಾ ಒಂದು ಚಿಕ್ಕ ಸೀಸೆಯಲ್ಲಿ ತಂದಿದ್ದಳು. ಬೇಡವೆಂದಿದ್ದ ಪದ್ಮಾ ಅತ್ಯಾ ತಾನೇ ಕೇಳಿ ಇಸಿದುಕೊಂಡು ಅದನ್ನು ದಂಡೆಯ ನೀರಿಗೆ ಸುರಿದಳು. "ಈಗ ಇದೂ ಮುಕ್ತಿನಾಥಽ," ಎಂದು ಕಲ್ಲಿನ ಮೇಲೆ ಕುಳಿತು, ಸೀರೆ ಮಡಚಿ, ಎರಡೂ ಕಾಲು ನೀರಲ್ಲಿ ಬಿಟ್ಟಳು.

ರುಕ್ಮಾ ಅತ್ಯಾ ಸೊಂಟದವರೆಗೆ ಇಳಿದು ಮೂಗು ಹಿಡಿದು ಮುಳುಗತೊಡಗಿದಳು.

"ಒಂದು," ಎಂದಳು ಪದ್ಮಾ ಅತ್ಯಾ. "ಎರಡು. ಮೂರು. ನಾಕು. ಐದು."

ರುಕ್ಮಾ ಅತ್ಯಾ ಮತ್ತೆ ಮುಳುಗಿ ಎದ್ದಳು.

"ಐದು."

"ಐದು ಆತಲ್ಲ!"

"ತುರುಬು ತೋಯ್ದಿಲ್ಲ. ಐದು."

ಮುಳುಗಿ ಎದ್ದಳು.

"ಐದು."

"ಪದ್ದಕ್ಕಾ!"

"ನೀ ನೀರಿಲ್ಲದ ಎಣಿಸಿದಿ, ನಾ ಎಣಿಸಲಾರದ ನೀರು ಹಾಕ್ಲಿಕತ್ತೀನಿ. ಮುಳುಗು!"

ರುಕ್ಮಾ ಅತ್ಯಾ ಎರಡೂ ಕೈಯಿಂದ ನೀರು ಬಾಚಿ ಅಕ್ಕನ ಮೇಲೆ ಎರಚಿದಳು. ಪದ್ಮಾ ಅತ್ಯಾ ಕಾಲಿನಿಂದ ಎರಚಿದಳು. ಇಬ್ಬರೂ ನನ್ನ ಕಡೆ ತಿರುಗಿ ಒಟ್ಟಿಗೆ ಕೂಗಿದರು: "ತೆಗಿ! ತೆಗಿ!"

"ಯಾವ ತೆಗಿ?"

"ಹಿಡಿಯೋ ತೆಗಿ!"

ಚಾಚಾ ಹೇಳಿದಂತೆ ಉಸಿರು ಹಿಡಿಯಲು ನೋಡಿದೆ. ನಗು ಬಂದು ಆಗಲಿಲ್ಲ. ಫೋಟೋ ಅಲುಗಿದೆ, ಎರಡು ಬಾಯಿ, ನಾಲ್ಕು ಕೈ, ಉಳಿದದ್ದೆಲ್ಲ ನೀರು. ಕ್ಯಾಮೆರಾದ ಗಡಿಯಾರವನ್ನು ನಾನಿನ್ನೂ ಹಿಂದಕ್ಕೆ ತಿದ್ದಿರಲಿಲ್ಲವಾದ್ದರಿಂದ ಅದರ ಮೂಲೆಯಲ್ಲಿ ನೇಪಾಳದ ಹೊತ್ತಿದೆ. ಇಬ್ಬರಿಗೂ ತೋರಿಸಿದೆ. ಯಾರೂ ಒರಸು ಎನ್ನಲಿಲ್ಲ.

ನಾವು ಮನೆಗೆ ಹೊರಡುವಾಗಲೂ ಎಣಿಕೆ ಐದರಲ್ಲೇ ಇತ್ತು.